ಕುರಿ ದ್ವೀಪದ ಹಲಗೆ

ಆರು ವರ್ಷಗಳ ಮೇಲೆ ಗ್ರಾಂಟ್ ವೆದರ್ಬಿ ನಮ್ಮ ಮನೆಯ ಮೆಟ್ಟಿಲು ಹತ್ತಿ ಬಂದಾಗ ನಾನು ಅಡುಗೆಮನೆಯಲ್ಲಿ ಟರ್ನಿಪ್ ಹೆಚ್ಚುತ್ತಿದ್ದೆ. ಚಾಕು ಕೆಳಗಿಡಲಿಲ್ಲ.

"ಲೀಟಾ! ಎಷ್ಟು ದೊಡ್ಡವಳಾಗಿಬಿಟ್ಟೆ," ಎಂದ.

ನನಗೆ ಮೂವತ್ನಾಲ್ಕು. ಅವನು ಕಡೆಯ ಸಲ ಬಂದಾಗ ಇಪ್ಪತ್ತೆಂಟು. ಆ ನಡುವೆ ಬೆಳೆದದ್ದು ಏನೆಂದು ಅವನಿಗೆ ಗೊತ್ತಿರಲಿಲ್ಲ.

"ಬನ್ನಿ. ಮೇಲಿನ ಐದು ಕೋಣೆ ನಿಮ್ಮವರಿಗೇ ಇಟ್ಟಿದೀನಿ," ಎಂದೆ.

ಪ್ರತಿ ಅಕ್ಟೋಬರಿನಲ್ಲಿ ಕೃತಜ್ಞತೆಯ ಹಬ್ಬದ ವಾರಾಂತ್ಯಕ್ಕೆ ಹಾರ್ಲೋ ಕೋವ್‌ನಲ್ಲಿ ಇಳಿತದ ಹಬ್ಬ. ಮೂರು ದಿನ ಊರಿನ ಮನೆಗಳೆಲ್ಲ ಬಾಡಿಗೆ ಕೋಣೆಗಳಾಗುತ್ತವೆ. ಅಂಗಳದಲ್ಲಿ ಹಳೆ ಬಟ್ಟೆ ತೊಟ್ಟ ಕುಂಬಳಕಾಯಿ ತಲೆಯ ಗೊಂಬೆಗಳು ಕೂರುತ್ತವೆ. ಹಗಲಲ್ಲಿ ಜನ ಕಾಡು ಸುತ್ತುತ್ತಾರೆ, ನೀರು ಇಳಿದಾಗ ಸಮುದ್ರದ ತಳದ ಮೇಲೆ ಕುರಿ ದ್ವೀಪಕ್ಕೆ ನಡೆದು ಹೋಗಿ ಬರುತ್ತಾರೆ, ಶನಿವಾರ ಸಂಜೆ ಐದಕ್ಕೆ ಊರಿನ ಹಾಲ್‌ನಲ್ಲಿ ಊಟಕ್ಕೆ ಕೂರುತ್ತಾರೆ. ಗ್ರಾಂಟ್ ಹ್ಯಾಲಿಫ್ಯಾಕ್ಸ್ ನಗರದಿಂದ ಇಂಥ ಪ್ರವಾಸಗಳನ್ನು ನಡೆಸುವವನು. ಈ ಸಲ ಒಂಬತ್ತು ಜನರನ್ನು ಕರೆತಂದಿದ್ದ. ಎಲ್ಲರ ಫೋನುಗಳನ್ನೂ ಒಂದು ಬೆತ್ತದ ಬುಟ್ಟಿಗೆ ಹಾಕಿಸಿ ವ್ಯಾನಿನಲ್ಲಿಟ್ಟು ಬೀಗ ಹಾಕಿದ್ದ. 'ಫೋನಿಲ್ಲದ ಮೂರು ದಿನ' ಎಂಬುದೇ ಅವನ ಜಾಹೀರಾತು.

ಊರಿನ ಹಾಲ್‌ನಲ್ಲಿ ಒಂದು ಹಲಗೆ ಇದೆ. ದೋಣಿಯ ಹಿಂಭಾಗದ ಹಲಗೆ, ಬಿಳಿ ಬಣ್ಣದ್ದು. ಉಬ್ಬರಕ್ಕೆ ಸಿಕ್ಕಿ ಕುರಿ ದ್ವೀಪದಲ್ಲಿ ಉಳಿದುಹೋದ ಗುಂಪಿನ ಮುಂದಾಳಿನ ಹೆಸರನ್ನು ಹಬ್ಬದ ಊಟದ ದಿನ ಅದರ ಮೇಲೆ ಕಪ್ಪು ಬಣ್ಣದಲ್ಲಿ ಬರೆಯುತ್ತಾರೆ. ಮುಂದಾಳು ಎದ್ದು ನಿಂತು ತಪ್ಪು ಹೇಗಾಯಿತೆಂದು ತಾನೇ ಹೇಳಬೇಕು. ಜನ ಚಮಚದಿಂದ ಮೇಜು ಬಡಿದು ನಗುತ್ತಾರೆ. ಹೊರಗಿನವರಿಗೆ ಅದು ನಗೆ. ಊರಿನವರಿಗೆ ಹಾಗಲ್ಲ. ನಲವತ್ತು ವರ್ಷದ ಹಿಂದೆ ಸಿಕ್ಕಿಕೊಂಡ ಒಬ್ಬನ ಮೊಮ್ಮಗನನ್ನು ಇವತ್ತಿಗೂ ಅಂಗಡಿಯಲ್ಲಿ ತಡೆದು, "ಏನಪ್ಪಾ, ಈಗ ಗಂಟೆ ಎಷ್ಟು?" ಎಂದು ಕಾಡುತ್ತಾರೆ.

ಹಲಗೆಯ ಮೇಲಿನ ಕೊನೆಯ ಹೆಸರು ಆಲ್ವಿನ್ ಮೋಶರ್. ನನ್ನ ಅಪ್ಪ.

ಅಪ್ಪ ಐವತ್ತು ವರ್ಷ ಆ ಕೊಲ್ಲಿಯಲ್ಲಿ ಕಂಬ ನೆಟ್ಟು ಬೇಲಿಬಲೆ ಕಟ್ಟಿ ಮೀನು ಹಿಡಿದವನು. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ನೀರು ಎಲ್ಲಿದೆ ಎಂದು ಹೇಳುತ್ತಿದ್ದ. ಆರು ವರ್ಷದ ಹಿಂದೆ ಗ್ರಾಂಟ್‌ನ ಜನರನ್ನು ದ್ವೀಪಕ್ಕೆ ಕರೆದೊಯ್ದವನು ಅವನೇ. ದ್ವೀಪದ ಆಚೆ ಬದಿಯ ಬಂಡೆಗಳ ಬಳಿ ಗ್ರಾಂಟ್ ಚಿತ್ರ ತೆಗೆಯುತ್ತ ತಡ ಮಾಡಿದ. ಅಪ್ಪ ಹೊರಡಿ ಎಂದರೂ ಹೊರಡಲಿಲ್ಲ. ನೀರು ಬಂತು. ಸಂಜೆ ಊಟದಲ್ಲಿ ಅಪ್ಪ ಎದ್ದು ನಿಲ್ಲುವ ಮೊದಲೇ ಗ್ರಾಂಟ್ ಎದ್ದು, ನಗುತ್ತ, "ಪಾಪ, ಆಲ್ವಿನ್‌ಗೆ ವಯಸ್ಸಾಯ್ತು. ಗಂಟೆ ಲೆಕ್ಕ ತಪ್ಪಿಬಿಡ್ತು. ಬೈಬೇಡಿ," ಎಂದ. ಅಪ್ಪ ಅವನನ್ನು ನೋಡಿದ. ಹಾಲ್ ತುಂಬ ಹೊರಗಿನವರಿದ್ದರು, ನಮ್ಮ ಐದು ಕೋಣೆಗಳು ಅವರಿಂದಲೇ ತುಂಬುತ್ತಿದ್ದವು. ಅಪ್ಪ ಎದ್ದೇಳಲಿಲ್ಲ.

ಆಮೇಲೆ ಅವನು ಕಡಲದಂಡೆಗೆ ಇಳಿಯಲಿಲ್ಲ. ಜನರನ್ನು ದ್ವೀಪಕ್ಕೆ ಕರೆದೊಯ್ಯುವ ಕೆಲಸ ನನಗೆ ಬಂತು. ಅಂಗಡಿಗೂ ಹೋಗಲಿಲ್ಲ. ಎರಡನೆಯ ಚಳಿಗಾಲದಲ್ಲಿ ಮಲಗಿದವನು ಏಳಲಿಲ್ಲ. ನಡೆದದ್ದನ್ನು ನನಗೆ ಹೇಳಿದ್ದು ಆ ಹಾಸಿಗೆಯಲ್ಲಿ, ಗೋಡೆಯ ಕಡೆ ಮುಖ ಮಾಡಿಕೊಂಡು, ಒಂದೇ ಒಂದು ಸಲ. ಮತ್ತೆ ಕೇಳಬೇಡ ಎಂದ. ಕೇಳಲಿಲ್ಲ. ಕೇಳದೆ ಉಳಿದದ್ದು ಒಳಗಿಂದ ಎಲ್ಲಿಗೂ ಹೋಗುವುದಿಲ್ಲ.

ನನಗೆ ಬೇಕಾದದ್ದು ಎರಡು. ಆ ಹಲಗೆಯ ಮೇಲೆ ಗ್ರಾಂಟ್‌ನ ಹೆಸರು ಬರಬೇಕು. ಅಪ್ಪನ ಹೆಸರು ಹೋಗಬೇಕು.

ಶುಕ್ರವಾರದ ಊಟದಲ್ಲಿ ಗ್ರಾಂಟ್ ಸೂಪಿನ ಬಟ್ಟಲ ಮೇಲೆ ಬಾಗಿ ತನ್ನ ಜನಕ್ಕೆ ಪಾಠ ಹೇಳುತ್ತಿದ್ದ.

"ಇಲ್ಲಿನ ಕ್ಯಾಲೆಂಡರ್‌ನಲ್ಲಿ ಉಬ್ಬರ ಇಳಿತದ ಹೊತ್ತು ಹಾಕಿರ್ತಾರಲ್ಲ, ಅದನ್ನ ನಂಬಬಾರದು. ಅದು ಚಳಿಗಾಲದ ಸಮಯ. ಬೇಸಿಗೇಲಿ ಗಡಿಯಾರ ಮುಂದಕ್ಕೆ ತಿರುಗಿಸ್ತೀವಲ್ಲ, ಅದಕ್ಕೆ ಒಂದು ಗಂಟೆ ಸೇರಿಸ್ಕೋಬೇಕು. ನವೆಂಬರ್‌ವರೆಗೂ. ಅಲ್ವಾ ಲೀಟಾ?"

"ಹೌದು."

"ನೋಡಿ. ಇವರಪ್ಪ ಇದ್ರಲ್ಲೇ ಎಡವಿದ್ದು."

ನನ್ನ ಅತ್ತೆ ಬರ್ನೀಸ್, ಅಪ್ಪನ ಅಕ್ಕ, ಒಲೆಯ ಬಳಿ ಬ್ರೆಡ್ ಕೊಯ್ಯುತ್ತಿದ್ದಳು. ಅವಳ ಕೈ ನಿಂತಿತು. ಮತ್ತೆ ಕೊಯ್ಯತೊಡಗಿತು. ಅತ್ತೆಗೆ ಅಪ್ಪ ಏನನ್ನೂ ಹೇಳಿರಲಿಲ್ಲ. ತಮ್ಮ ಲೆಕ್ಕ ತಪ್ಪಿದನೆಂದೇ ಅವಳು ಆರು ವರ್ಷ ತಲೆ ತಗ್ಗಿಸಿದ್ದಳು.

ಗ್ರಾಂಟ್ ಹೇಳಿದ್ದು ಸರಿ. ನಮ್ಮೂರಿನಲ್ಲಿ ಮಕ್ಕಳೂ ಮಾರ್ಚಿನಿಂದ ನವೆಂಬರಿನವರೆಗೆ ಆ ಒಂದು ಗಂಟೆಯನ್ನು ಸಾರಿಗೆ ಉಪ್ಪು ಹಾಕಿದಷ್ಟು ಸಲೀಸಾಗಿ ಸೇರಿಸಿಕೊಳ್ಳುತ್ತಾರೆ. ಆದರೆ ಹೊರಗಿನವರು ಗೊಂದಲ ಮಾಡಿಕೊಳ್ಳುತ್ತಾರೆಂದು ಹೋದ ವರ್ಷದಿಂದ ನಾನೇ ಗಂಟೆ ಸೇರಿಸಿ ಬಾಗಿಲ ಪಕ್ಕದ ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದೆ. ಕೆಳಗೆ ಇನ್ನೊಂದು ಸಾಲು: 'ಇದು ಗಡಿಯಾರದ ಸಮಯ. ಏನೂ ಸೇರಿಸಬೇಡಿ.'

ಶನಿವಾರ ಬೆಳಿಗ್ಗೆ ಕ್ಯಾಲೆಂಡರಿನಲ್ಲಿ ಪೂರ್ಣ ಇಳಿತ ಹತ್ತೂ ಹತ್ತಕ್ಕೆ. ಕರಿಹಲಗೆಯ ಮೇಲೆ ಹನ್ನೊಂದೂ ಹತ್ತು ಎಂದು ಬರೆದೆ. ಅದಕ್ಕೆ ಎರಡು ಗಂಟೆ ಹಿಂದೆ, ಎರಡು ಗಂಟೆ ಮುಂದೆ ದ್ವೀಪದ ದಾರಿ ಒಣಗಿರುತ್ತದೆ. ಅಂದರೆ ಮಧ್ಯಾಹ್ನ ಒಂದೂ ಹತ್ತರೊಳಗೆ ಈಚೆ ಬಂದಿರಬೇಕು. ಕೆಳಗಿನ ಸಾಲನ್ನು ಅಂಗಿಯ ತೋಳಿನಿಂದ ಒರೆಸಿದೆ. ಅದಕ್ಕೆ ಬೇಕಾದದ್ದು ಒಂದು ಉಸಿರಿನಷ್ಟು ಹೊತ್ತು.

ಗ್ರಾಂಟ್ ಕಾಫಿ ಹಿಡಿದು ಬಂದು ಕರಿಹಲಗೆಯ ಮುಂದೆ ನಿಂತ.

"ಹನ್ನೊಂದೂ ಹತ್ತು. ಅಂದ್ರೆ ಹನ್ನೆರಡೂ ಹತ್ತು," ಎಂದು ತನಗೇ ಹೇಳಿಕೊಂಡ. "ಎರಡು ಗಂಟೆವರೆಗೂ ಆರಾಮ. ನೀನು ಬರ್ತೀಯಲ್ಲ ಜೊತೆಗೆ?"

"ಹಾಲ್‌ನಲ್ಲಿ ಅಡುಗೆ ಇದೆ. ನೀವೇ ಕರ್ಕೊಂಡು ಹೋಗಿ. ಈಗ ನೀವೂ ಊರಿನವರ ಹಾಗೇ ಅಲ್ವಾ?"

ಅವನಿಗೆ ಎಷ್ಟು ಸಂತೋಷವಾಯಿತೆಂದರೆ ನನಗೆ ನೋಡಲಾಗಲಿಲ್ಲ.

ಅಲ್ಲೇ ತಿದ್ದಬಹುದಿತ್ತು. ಒಂದು ಮಾತು ಸಾಕಿತ್ತು. ನಾನು ಅವನ ಬಟ್ಟಲಿಗೆ ಇನ್ನಷ್ಟು ಕಾಫಿ ಹಾಕಿದೆ.

ನಾನು ಯಾರನ್ನೂ ಕೊಲ್ಲಲು ಹೊರಟಿರಲಿಲ್ಲ. ದ್ವೀಪದ ನೆತ್ತಿಗೆ ನೀರು ಯಾವತ್ತೂ ಹತ್ತಿಲ್ಲ. ಅಲ್ಲಿ ಕೂತವರಿಗೆ ಗಾಳಿ, ಚಳಿ, ಅವಮಾನ, ಅಷ್ಟೇ. ಬುತ್ತಿ ಕಟ್ಟುವಾಗ ಒಬ್ಬೊಬ್ಬರಿಗೂ ಎರಡು ಊಟದಷ್ಟು ಕಟ್ಟಿದೆ. ಚೀಲದ ತಳದಲ್ಲಿ ಬೂದು ಕಂಬಳಿಗಳನ್ನು ಮಡಿಸಿಟ್ಟೆ.

"ಕಂಬಳಿ ಯಾಕೆ?" ಎಂದು ಗುಂಪಿನ ಒಬ್ಬ ತೆಳ್ಳನೆಯ ಯುವಕ ಕೇಳಿದ. ಅವನ ಹೆಸರು ಡೆರಿಕ್.

"ಬಂಡೆ ಒದ್ದೆ ಇರತ್ತೆ. ಹಾಸ್ಕೊಂಡು ಕೂರೋಕೆ."

ಒಂಬತ್ತು ಜನರಲ್ಲಿ ಐಡಾ ಫೆಂಟನ್ ಎಂಬ ಮುದುಕಿಯೊಬ್ಬಳಿದ್ದಳು. ಸೊಂಟ ನೋವಿನವಳು, ಕೋಲು ಹಿಡಿದು ನಡೆಯುವವಳು. ಅವಳನ್ನು ಆ ಚಳಿಯಲ್ಲಿ ಕೂರಿಸಲು ನನಗೆ ಮನಸ್ಸಿರಲಿಲ್ಲ.

"ಐಡಾ ಅವ್ರೇ, ಸೇಬು ಸುಲಿಯೋಕೆ ಕೈ ಸಾಲ್ತಾ ಇಲ್ಲ. ನೀವು ಇಲ್ಲೇ ಇದ್ದುಬಿಡ್ತೀರಾ? ನಾಳೆ ನಾನೇ ನಿಧಾನವಾಗಿ ಕರ್ಕೊಂಡು ಹೋಗ್ತೀನಿ."

ಅವಳು ನನ್ನನ್ನು ಸ್ವಲ್ಪ ಹೊತ್ತು ನೋಡಿ, "ಆಗಲಿ ಮಗು. ಆ ದ್ವೀಪ ಒಂದ್ಸಲ ನೋಡಿದೀನಿ," ಎಂದಳು.

ಹನ್ನೊಂದಕ್ಕೆ ಗ್ರಾಂಟ್ ಎಂಟು ಜನರೊಂದಿಗೆ ಕೆಂಪು ಕೆಸರಿನ ಮೇಲೆ ಹೊರಟ. ದಾರಿ ಒಣಗಿತ್ತು, ಅವನ ಲೆಕ್ಕಕ್ಕೂ ಸರಿ, ನನ್ನ ಲೆಕ್ಕಕ್ಕೂ ಸರಿ. ನಾನೂ ಐಡಾಳೂ ಕಿಟಕಿಯ ಬಳಿ ಕೂತು ಸೇಬು ಸುಲಿದೆವು. ಕಿಟಕಿಯಿಂದ ಇಡೀ ದಾರಿ ಕಾಣುತ್ತದೆ. ಗೋಡೆಯ ಮೇಲೆ ಅಪ್ಪ ಬಲೆಯ ಕಂಬ ಹಿಡಿದು ನಿಂತ ಚಿತ್ರ. ಐಡಾ ಅದನ್ನು ನೋಡಿದಳು, ಏನೋ ಹೇಳಲು ಬಾಯಿ ತೆರೆದಳು, ಮತ್ತೆ ಸೇಬಿನ ಕಡೆ ತಿರುಗಿದಳು. ನಾನು ಕೇಳಲಿಲ್ಲ. ಆ ಹೊತ್ತಿಗೆ ನನಗೆ ಯಾರ ಮಾತೂ ಬೇಡವಾಗಿತ್ತು.

ಒಂದು ಗಂಟೆ ಹೊಡೆಯಿತು. ದಂಡೆಯಲ್ಲಿ ನಮ್ಮ ಹಳೆ ಟ್ರಕ್ ನಿಂತಿತ್ತು. ಅದರ ಹಾರನ್ ಒತ್ತಿದರೆ ದ್ವೀಪಕ್ಕೆ ಕೇಳಿಸುತ್ತದೆ. ಊರಿನವರೆಲ್ಲ ಹಾಗೆಯೇ ಕರೆಯುವುದು. ಕೀಲಿ ನನ್ನ ಏಪ್ರನ್ನಿನ ಜೇಬಿನಲ್ಲಿತ್ತು. ಒಂದೂ ಹತ್ತು. ಎರಡೂ ಕಡೆಯಿಂದ ನೀರು ನಾಲಿಗೆ ಚಾಚಿ ದಾರಿಯ ನಡುವೆ ಸೇರಿತು. ಒಂದೂ ನಲವತ್ತಕ್ಕೆ ಅವರು ದ್ವೀಪದ ಅಂಚಿಗೆ ಬಂದು ಸಾಲಾಗಿ ನಿಂತರು.

ಅಪ್ಪನ ಬೈನಾಕ್ಯುಲರ್ ತೆಗೆದುಕೊಂಡು ನೋಡಿದೆ. ಗ್ರಾಂಟ್ ಕೈಗಡಿಯಾರವನ್ನು ನೋಡುತ್ತಿದ್ದ. ಅಲುಗಿಸಿ ಕಿವಿಗೆ ಹಿಡಿದ. ನನಗೆ ನಗು ಬಂತು. ಆರು ವರ್ಷದಲ್ಲಿ ಅಷ್ಟು ಸಿಹಿಯಾದದ್ದನ್ನು ನಾನು ತಿಂದಿರಲಿಲ್ಲ.

ಆಗ ಡೆರಿಕ್ ಪ್ಯಾಂಟ್ ಮಡಚಿ ನೀರಿಗಿಳಿದ. ಮೊಣಕಾಲು. ತೊಡೆ. ಅಲ್ಲಿ ನೀರು ನಿಂತ ನೀರಲ್ಲ, ಹೊಳೆಯ ಹಾಗೆ ಓಡುತ್ತದೆ. ಸೊಂಟದವರೆಗೆ ಬಂದರೆ ಎತ್ತನ್ನೂ ಎಳೆದೊಯ್ಯುತ್ತದೆ. ನನ್ನ ಕೈ ಜೇಬಿನಲ್ಲಿ ಕೀಲಿಯ ಮೇಲಿತ್ತು. ಎದ್ದು ಓಡಿದರೆ ಟ್ರಕ್ಕಿಗೆ ಒಂದು ನಿಮಿಷ. ನಾನು ಏಳಲಿಲ್ಲ. ಗ್ರಾಂಟ್ ಬೂಟು ಸಮೇತ ನೀರಿಗೆ ನುಗ್ಗಿ ಹುಡುಗನ ಕಾಲರ್ ಹಿಡಿದು ಹಿಂದಕ್ಕೆಳೆದ. ಇಬ್ಬರೂ ಬಿದ್ದರು, ಎದ್ದರು, ಬಂಡೆಗೆ ಹತ್ತಿದರು.

ಐಡಾ ಚಾಕು ಕೆಳಗಿಟ್ಟಿದ್ದಳು. "ಯಾರಿಗಾದ್ರೂ ಹೇಳ್ಬಾರದೇನಮ್ಮಾ?"

"ಹೇಳ್ತೀನಿ," ಎಂದೆ. ಓಟಿಸ್‌ಗೆ ಫೋನ್ ಮಾಡಿದೆ.

ಓಟಿಸ್ ನಳ್ಳಿ ಹಿಡಿಯುವವನು, ಹಲಗೆಗೆ ಬಣ್ಣ ಹಚ್ಚುವವನೂ ಅವನೇ. "ಯಾರು ಸಿಕ್ಕಿಬಿದ್ದಿರೋದು?" ಎಂದ. ಹೇಳಿದೆ. "ಬಂಡೆ ಮೇಲೆ ನೀರು ಏರೋವರೆಗೂ ದೋಣಿ ಹತ್ರ ಹೋಗಲ್ಲ. ನಾಲ್ಕಾಗತ್ತೆ. ಬಣ್ಣದ ಡಬ್ಬಿ ಎಲ್ಲಿಟ್ನೋ ಹುಡುಕ್ಬೇಕು," ಎಂದ.

ಐದೂವರೆಗೆ ಅವರು ನಡುಗುತ್ತ ಹಾಲ್‌ಗೆ ಬಂದರು. ಬೂದು ಕಂಬಳಿ ಹೊದ್ದ ಒಂಬತ್ತು ಜನ. ಆಗಲೇ ನೂರಿಪ್ಪತ್ತು ಜನ ಕೂತಿದ್ದರು. ಬಾಗಿಲಲ್ಲೇ ಯಾರೋ, "ಗಂಟೆ ಎಷ್ಟಾಯ್ತು ಸ್ವಾಮಿ?" ಎಂದರು. ಚಮಚಗಳ ಸದ್ದು ಶುರುವಾಯಿತು. ನಾನು ಅಡುಗೆಮನೆಯ ಬಾಗಿಲಿಗೆ ಒರಗಿ ಅವನ ಮುಖವನ್ನೇ ನೋಡುತ್ತಿದ್ದೆ. ಆ ಮುಖ ಕುಸಿಯುವುದನ್ನು ನೋಡಬೇಕಿತ್ತು.

ಪೈ ಬಡಿಸಿದ ಮೇಲೆ ಓಟಿಸ್ ಹಲಗೆಯನ್ನು ಗೋಡೆಯಿಂದಿಳಿಸಿ ಮೇಜಿನ ಮೇಲೆ ನಿಲ್ಲಿಸಿದ. "ಮುಂದಾಳು ಎದ್ದೇಳಲಿ."

ಗ್ರಾಂಟ್ ಎದ್ದ. ನಗುತ್ತಿದ್ದ.

"ಒಪ್ಕೋತೀನಪ್ಪಾ. ಆಗ್ಲೇ ಸೇರಿಸಿರೋ ಗಂಟೆಗೆ ಇನ್ನೊಂದು ಗಂಟೆ ಸೇರಿಸ್ಬಿಟ್ಟೆ. ಜಾಣ ಅನ್ನಿಸ್ಕೊಳ್ಳೋಕೆ ಹೋಗಿ ಕೋಣ ಆದೆ."

ಹಾಲ್ ಮುರಿದು ಬೀಳುವಂತೆ ನಕ್ಕಿತು. ಅವನ ಜನವೂ ನಕ್ಕರು. ಡೆರಿಕ್ ಎದ್ದು ಚಪ್ಪಾಳೆ ತಟ್ಟಿದ. ಗ್ರಾಂಟ್ ವ್ಯಾನಿನಿಂದ ತನ್ನ ಫೋನ್ ತರಿಸಿ ಹಲಗೆಯ ಪಕ್ಕ ನಿಂತ. "ಬರೀರಿ, ದಪ್ಪಕ್ಷರದಲ್ಲಿ ಬರೀರಿ. ಮುಂದಿನ ವರ್ಷ ಜಾಹೀರಾತಿಗೆ ಇದೇ ಚಿತ್ರ. ದುಡ್ಡು ಕೊಟ್ರೂ ಸಿಗದ ಅನುಭವ."

ಅವನ ತೋಳು ಹಲಗೆಯ ಮೇಲಂಚಿನಲ್ಲಿತ್ತು. ಬೆರಳುಗಳು ಅಪ್ಪನ ಹೆಸರಿನ ಮೇಲೆ.

ನನ್ನ ಲೆಕ್ಕ ತಪ್ಪಿದ್ದು ಅಲ್ಲಿ. ಅಪ್ಪನನ್ನು ಮುರಿದದ್ದು ಅವನಿಗೆ ಆಟದ ಸಾಮಾನು. ಅವನು ಸೋಮವಾರ ಹ್ಯಾಲಿಫ್ಯಾಕ್ಸ್‌ಗೆ ಹೋಗುತ್ತಾನೆ. ಅಲ್ಲಿ ಯಾವ ಅಂಗಡಿಯಲ್ಲಿ ಯಾರು ಅವನನ್ನು ಗಂಟೆ ಕೇಳುತ್ತಾರೆ?

"ಓಟಿಸ್," ಎಂದೆ. ನನ್ನ ದನಿ ನನಗೇ ಪರಿಚಯವಿಲ್ಲದ ಹಾಗಿತ್ತು. "ಬರೆಯೋ ಮೊದ್ಲು ಅಪ್ಪನ ಹೆಸರು ಕೆರೀರಿ."

"ಲೀಟಾ, ಬಣ್ಣ ಹಚ್ಚೋದು ನನ್ನ ಕೆಲ್ಸ. ಕೆರೆಯೋದು ಈ ಊರಲ್ಲಿ ನಡೆದಿಲ್ಲ."

"ಅಪ್ಪ ಗಂಟೆ ತಪ್ಪಲಿಲ್ಲ. ಇವರು ಆಚೆ ಬದೀಲಿ ಫೋಟೋ ತೆಗೀತಾ ನಿಂತಿದ್ರು. ಅಪ್ಪ ಮೂರು ಸಲ ಕರೆದ್ರು. ಇವರು ಬರ್ಲಿಲ್ಲ. ಆಮೇಲೆ ಇಲ್ಲೇ ನಿಂತು ಮುದುಕನ ತಲೆಗೆ ಕಟ್ಟಿದ್ರು."

ಚಮಚಗಳು ನಿಂತವು. ಗ್ರಾಂಟ್‌ನ ಮುಖದಲ್ಲಿ ನಗು ಇನ್ನೂ ಇತ್ತು, ಮರೆತು ಬಿಟ್ಟುಹೋದ ಟೋಪಿಯ ಹಾಗೆ.

"ಆರು ವರ್ಷದ ಹಿಂದಿನ ಮಾತು. ಯಾರಿಗೆ ನೆನಪಿರತ್ತೆ? ಹಬ್ಬದ ದಿನ ಇದೆಲ್ಲ ಯಾಕಮ್ಮಾ?"

"ನನಗೆ ನೆನಪಿದೆ," ಎಂದರು ಯಾರೋ.

ಐಡಾ ಫೆಂಟನ್. ಕೋಲೂರಿ ಏಳಲು ಪ್ರಯತ್ನಿಸಿ, ಆಗದೆ, ಕೂತಲ್ಲಿಂದಲೇ ಹೇಳಿದಳು. "ಆ ಫೋಟೋ ನಂದು. ನಾನೇ ಷೂ ಬಿಚ್ಚಿ ಬಂಡೆ ಮೇಲೆ ಕೂತಿದ್ದೆ. ಆ ಮನುಷ್ಯ ಮೂರು ಸಲ ಬಂದು ಕರೆದ. ಮೂರನೇ ಸಲ ಬೇಡಿಕೊಂಡ. ಗ್ರಾಂಟ್, ನೀನು 'ಹತ್ತೇ ನಿಮಿಷ, ಅಜ್ಜಾ' ಅಂದೆ. ಸಂಜೆ ನೀನು ಸುಳ್ಳು ಹೇಳ್ದಾಗ ನಾನು ಪೈ ತಿಂತಾ ಇದ್ದೆ. ಸುಮ್ನಿದ್ದೆ. ಈ ಸಲ ಅದನ್ನ ಹೇಳೋಕೇ ಬಂದೆ. ಆದ್ರೆ ಅವರೇ ಇಲ್ಲ."

ಗ್ರಾಂಟ್ ಫೋನನ್ನು ಜೇಬಿಗಿಟ್ಟ. ಅವನ ಜನ ತಟ್ಟೆ ನೋಡುತ್ತಿದ್ದರು. ಡೆರಿಕ್ ಮಾತ್ರ ಅವನನ್ನೇ ನೋಡುತ್ತ, "ನಿಜಾನಾ?" ಎಂದ. ಗ್ರಾಂಟ್ ಹಲಗೆಯಿಂದ ಕೈ ತೆಗೆದ. ಈಗ ಆ ಮುಖ ನಾನು ಕಾದಿದ್ದ ಹಾಗೆ ಆಯಿತು. ನಾನು ಕಣ್ಣು ತೆಗೆಯದೆ ನೋಡಿದೆ. ಹೊಟ್ಟೆ ತುಂಬುವಷ್ಟು ನೋಡಿದೆ.

ಬರ್ನೀಸ್ ಅತ್ತೆ ಕೈ ಒರೆಸಿಕೊಂಡು ಮುಂದೆ ಬಂದಳು. ಎಪ್ಪತ್ತೆಂಟು ವರ್ಷದವಳು. ಓಟಿಸ್‌ನ ಜೇಬಿನಿಂದ ಚಾಕು ತಾನೇ ತೆಗೆದು ಅವನ ಕೈಗಿಟ್ಟಳು. "ಕೆರಿ," ಎಂದಳು.

ಅವನು ಕೆರೆದ. ನೂರಿಪ್ಪತ್ತು ಜನರ ನಡುವೆ ಆ ಸದ್ದೊಂದೇ ಇತ್ತು. ಗ್ರಾಂಟ್‌ನ ಹೆಸರು ಬರೆಯುವಾಗ ಯಾರೂ ಮೇಜು ಬಡಿಯಲಿಲ್ಲ.

ಎಲ್ಲ ಹೋದ ಮೇಲೆ ಹಾಲ್‌ನ ಅಡುಗೆಮನೆಯಲ್ಲಿ ನಾನೂ ಅತ್ತೆಯೂ ಪಾತ್ರೆ ತೊಳೆಯುತ್ತಿದ್ದೆವು. ನಾನು ಹಗುರವಾಗಿದ್ದೆ. ಅತ್ತೆ ನನ್ನನ್ನು ಅಪ್ಪಿಕೊಳ್ಳುತ್ತಾಳೆ, ಅಳುತ್ತಾಳೆ ಎಂದುಕೊಂಡಿದ್ದೆ.

"ಆ ಹುಡುಗ ಹೇಳ್ತಿದ್ದ," ಎಂದಳು ಅತ್ತೆ, ಬಾಣಲೆ ಉಜ್ಜುತ್ತಲೇ. "ಬುತ್ತೀಲಿ ಎರಡೂಟದಷ್ಟಿತ್ತಂತೆ. ಕಂಬಳಿ ಬೇರೆ ಇತ್ತಂತೆ. ಪುಣ್ಯ, ಇಲ್ದಿದ್ರೆ ಹೆಪ್ಪುಗಟ್ಟಿ ಹೋಗ್ತಿದ್ವಿ ಅಂದ."

ನಾನು ತಟ್ಟೆ ಒರೆಸಿದೆ.

"ಕರಿಹಲಗೆ ಕೆಳಗಡೆ ಸಾಲು ನಿನ್ನೆ ಇತ್ತು. ಇವತ್ತು ಬೆಳಿಗ್ಗೆ ಇರ್ಲಿಲ್ಲ."

"ಹೌದತ್ತೆ."

"ಆಲ್ವಿನ್ ಮೂರು ಸಲ ಕರೆದ ಅಂದೆಯಲ್ಲ. ನೀನೆಷ್ಟು ಸಲ ಕರೆದೆ?"

ನಲ್ಲಿಯಿಂದ ನೀರು ಸುರಿಯುತ್ತಿತ್ತು. ಅವಳು ಅದನ್ನು ನಿಲ್ಲಿಸಿದಳು. ಕಾದಳು.

"ಒಂದೂ ಇಲ್ಲ."

"ಆ ಹುಡುಗ ನೀರಿಗಿಳಿದಾಗಲೂ?"

"ಆಗಲೂ."

ಅತ್ತೆ ಬಾಣಲೆಯನ್ನು ಮೊಳೆಗೆ ನೇತುಹಾಕಿದಳು. ಬೈಯಲಿಲ್ಲ. ಬೈದಿದ್ದರೆ ನನ್ನ ಬಳಿ ಉತ್ತರಗಳಿದ್ದವು.

"ನಾಳೆಯಿಂದ ದ್ವೀಪಕ್ಕೆ ಜನರನ್ನ ನೀನು ಕರ್ಕೊಂಡು ಹೋಗೋದು ಬೇಡ. ಓಟಿಸ್‌ಗೆ ಹೇಳ್ತೀನಿ. ಯಾಕೆ ಅಂತ ಅವನಿಗೆ ಹೇಳಲ್ಲ."

"ಎಷ್ಟು ದಿನ?"

"ನಾನಿರೋವರೆಗೂ. ಆಮೇಲೆ ನಿನ್ನಿಷ್ಟ."

ಅಪ್ಪ ನನಗೆ ಬಿಟ್ಟುಹೋದದ್ದು ಆ ದಾರಿ ಒಂದೇ. ಕೆಸರು ಎಲ್ಲಿ ಮೆತ್ತಗೆ, ಕಲ್ಲು ಎಲ್ಲಿ ಗಟ್ಟಿ, ನೀರು ಮೊದಲು ಎಲ್ಲಿಂದ ಬರುತ್ತದೆ ಎಂದು ನನ್ನ ಕಾಲಿಗೆ ಗೊತ್ತು. ನಾನು ತಲೆಯಾಡಿಸಿದೆ.

ಭಾನುವಾರ ಬೆಳಿಗ್ಗೆ ಗ್ರಾಂಟ್ ಒಬ್ಬನೇ ವ್ಯಾನಿನಲ್ಲಿ ಹೊರಟ. ಅವನ ಜನ ಬಸ್ಸಿಗೆ ಬರುತ್ತೇವೆಂದು ಫೋನಿನ ಬುಟ್ಟಿ ಕೇಳಿ ಪಡೆದು ಉಳಿದುಕೊಂಡರು. ಹತ್ತೂವರೆಗೆ ಓಟಿಸ್ ದಂಡೆಯಲ್ಲಿ ನಿಂತು ಅವರ ಬೂಟುಗಳನ್ನು ಪರೀಕ್ಷಿಸುತ್ತ, "ಈ ಷೂ ಹಾಕ್ಕೊಂಡು ಬಂದ್ರೆ ಕಾಲು ಬರತ್ತೆ, ಷೂ ಬರಲ್ಲ ಸ್ವಾಮಿ," ಎಂದು ತಮಾಷೆ ಮಾಡುತ್ತಿದ್ದ.

ಐಡಾ ಕೋಲೂರಿಕೊಂಡು ನನ್ನ ಬಳಿ ಬಂದಳು. "ನೀನೇ ಕರ್ಕೊಂಡು ಹೋಗ್ತೀನಿ ಅಂದಿದ್ದೆ."

"ಓಟಿಸ್ ನಿಧಾನವಾಗೇ ನಡೀತಾರೆ. ಅವರ ತೋಳು ಹಿಡ್ಕೊಳ್ಳಿ."

"ನೀನ್ಯಾಕೆ ಬರಲ್ಲ?"

"ನಾನು ಕರೆಯೋ ಕೆಲ್ಸ ಸರಿಯಾಗಿ ಮಾಡಲ್ಲ," ಎಂದೆ.

ಅವಳಿಗೆ ಅರ್ಥವಾಯಿತೋ ಇಲ್ಲವೋ, ನನ್ನ ಕೆನ್ನೆ ಮುಟ್ಟಿ ಹೋದಳು. ಅವರು ಸಾಲಾಗಿ ಕೆಂಪು ಕೆಸರಿಗಿಳಿದರು. ನಾನು ದಂಡೆಯ ದುಂಡುಗಲ್ಲುಗಳು ಮುಗಿಯುವಲ್ಲಿ ನಿಂತೆ. ಹಿಂದೆ ಮೆಟ್ಟಿಲ ಮೇಲೆ ಬರ್ನೀಸ್ ಅತ್ತೆ ಶಾಲು ಹೊದ್ದು ನಿಂತಿದ್ದಳು.

ಮತ್ತೆ ಅಂಥ ದಿನ ಬಂದರೆ ಹಾಗೆಯೇ ಮಾಡುತ್ತೀಯಾ ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ಹೌದು ಎನ್ನುತ್ತಿದ್ದೆ. ಅದು ಅವಳಿಗೆ ಗೊತ್ತಿತ್ತೆಂದು ತೋರುತ್ತದೆ. ನಾನು ಅವಳ ಪಕ್ಕದಿಂದ ಹಾದು, ಹಾಸಿಗೆಗಳ ಬಟ್ಟೆ ಬದಲಿಸಲು ಮೇಲೆ ಹೋದೆ.